ನೇತ್ರಾಣಿಗೆ ಲಂಗರು ಬೇಡ, ಬೆಂಡು ಕೊಡಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ಮಾನ್ಯರೇ,

ಶಿರಾಲಿಯಲ್ಲಿ ಹುಟ್ಟಿ ಬೆಳೆದು, ಈಗ ಘಟ್ಟದ ಮೇಲಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವವಳು ನಾನು. ವಯಸ್ಸು 52. ನಮ್ಮ ಕಡಲಿನ ನೇತ್ರಾಣಿ ದ್ವೀಪದ ಹವಳವನ್ನು ಬೋಟುಗಳ ಲಂಗರಿನಿಂದ ಉಳಿಸಲು, ಬೋಟು ಕಟ್ಟಿಕೊಳ್ಳುವ ತೇಲುವ ಬೆಂಡುಗಳನ್ನು ಕೇಳುವ ಈ ಪತ್ರವನ್ನು ನಿಮ್ಮ ಕಚೇರಿಯ ಟಪಾಲಿಗೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಇದರಲ್ಲಿರುವ ದೂರು ನನ್ನ ಮೇಲೂ ಇದೆ. ಅದನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸುವುದು ಸರಿ ಕಾಣಲಿಲ್ಲ.

ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟಂತೆ ಇರುವ ದಿನಗಳಲ್ಲಿ ನಮ್ಮ ಕಡಲ ದಂಡೆಯಿಂದ ಪಶ್ಚಿಮಕ್ಕೆ ನೋಡಿದರೆ ನೇತ್ರಾಣಿ ಒಂದು ನೀಲಿ ಗುಪ್ಪೆಯಾಗಿ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ನಮಗೆ ಅದು ಗಂಡಸರ ಜಾಗ. ದೋಣಿಯವರು ದ್ವೀಪದ ದೈವಕ್ಕೆ ಹರಕೆ ಹೊತ್ತು ಆಡು ಕೊಂಡೊಯ್ಯುತ್ತಿದ್ದರು, ಅದನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ನಮ್ಮ ಆಯಿ ದಂಡೆಯಲ್ಲೇ ನಿಂತು ಕೈ ಮುಗಿಯುತ್ತಿದ್ದಳು. ಆ ಗುಡ್ಡದ ಕೆಳಗೆ ನೀರಿನಲ್ಲಿ ಏನಿದೆ ಎಂದು ನೋಡುವ ಭಾಗ್ಯ ನನಗೆ ಬಂದದ್ದು ಎಂಟು ವರ್ಷದ ಹಿಂದೆ, ನನ್ನ ಅಣ್ಣನ ಮಗ ಸ್ಕೂಬಾ ಡೈವಿಂಗ್ ಬೋಟೊಂದರಲ್ಲಿ ಕಲಾಸಿಯಾಗಿ, ಅಂದರೆ ಬೋಟಿನ ಕೆಲಸದಾಳಾಗಿ, ಸೇರಿದ ಮೇಲೆ. ಅವನ ಹಟಕ್ಕೆ ತರಬೇತಿ ಪಡೆದೆ. ಅಲ್ಲಿಂದ ಪ್ರತಿ ಹಂಗಾಮಿನಲ್ಲೂ ಒಂದೋ ಎರಡೋ ಸಲ ಹೋಗಿದ್ದೇನೆ. ಹೋದಾಗಲೆಲ್ಲ ಆ ಬೋಟು ಲಂಗರು ಹಾಕಿದೆ, ನಾನು ಅದನ್ನು ನೋಡಿಯೂ ನೋಡದವಳಂತೆ ಮೀನು ನೋಡಿದ್ದೇನೆ. ನನ್ನ ಮೇಲಿನ ದೂರು ಇದು.

ಮುರ್ಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಒಂದೂವರೆ ಗಂಟೆ. ಇಳಿಯಲು ಮರಳ ದಂಡೆಯೇ ಇಲ್ಲ, ಸುತ್ತಲೂ ನೇರ ಎದ್ದ ಬಂಡೆ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಒಂದು ಕಾಲಕ್ಕೆ ನೌಕಾಪಡೆ ತನ್ನ ಗುಂಡಿನ ಅಭ್ಯಾಸಕ್ಕೆ ಇದೇ ದ್ವೀಪವನ್ನು ಗುರಿ ಮಾಡಿಕೊಂಡಿತ್ತು ಎಂಬುದು ನಿಮಗೆ ತಿಳಿದೇ ಇದೆ. ಶೆಲ್ಲಿನ ಏಟು ತಿಂದೂ ಉಳಿದ ದ್ವೀಪ ಪ್ರವಾಸಿಗರ ಏಟು ತಡೆಯದೇ ಹೋದರೆ ನಾಚಿಕೆ ಯಾರಿಗೆ ಎಂದು ನನಗೆ ಆಗಾಗ ಅನಿಸುತ್ತದೆ.

ಘಟ್ಟದ ಮೇಲಿನ ನನ್ನ ಸಹೋದ್ಯೋಗಿಗಳು ನೇತ್ರಾಣಿ ಎಂದರೆ ಲಕ್ಷದ್ವೀಪದ ಹಾಗೆ ಎಂದುಕೊಂಡಿದ್ದಾರೆ. ಹಾಗಲ್ಲ. ಲಕ್ಷದ್ವೀಪದ ನೆಲವೇ ಹವಳದ್ದು. ನೇತ್ರಾಣಿಯದು ಗಟ್ಟಿ ಬಂಡೆ, ಅದರ ಮೇಲೆ ಅಲ್ಲಲ್ಲಿ, ಹಳೆಯ ಗೋಡೆಗೆ ಪಾಚಿ ಹಿಡಿದಂತೆ, ಹವಳ ಹಿಡಿದಿದೆ. ಇರುವುದು ಕಡಿಮೆ. ನಮ್ಮ ಕರಾವಳಿಯ ಹತ್ತಿರದ ಕಡಲಿನ ತಳವೆಲ್ಲ ಬಹುಪಾಲು ಕೆಸರು ಮತ್ತು ಮರಳು, ಸೀಗಡಿಗೆ ಟ್ರಾಲ್ ಬಲೆ ಎಳೆಯುವ ಬಯಲು. ಆ ಬಯಲಿನ ನಡುವೆ ಒಂದು ಬಂಡೆ ಎದ್ದು ನಿಂತರೆ ಅಡಗಲು ಸಂದು, ಮೊಟ್ಟೆಯಿಡಲು ಮರೆ, ಮರಿಗೆ ಮೇವು ಎಲ್ಲ ಒಂದೇ ಕಡೆ ಸಿಗುತ್ತದೆ. ಗಾಳ ಹಾಕುವ ನಮ್ಮ ಮುದುಕರಿಗೆ ಇದನ್ನು ಯಾವ ವಿಜ್ಞಾನದ ಟೀಚರೂ ಹೇಳಿಕೊಡಬೇಕಿಲ್ಲ, ಮುರು ಮೀನು ಬೇಕಾದರೆ ಕಲ್ಲು ಹುಡುಕು ಎಂದು ಅವರೇ ನಮಗೆ ಹೇಳಿದವರು.

ಕೆಳಗಿಳಿದರೆ ಅದು ಕಣ್ಣಿಗೇ ಕಾಣುತ್ತದೆ. ನೀರು ಬೆಚ್ಚಗೆ, 27–28 ಡಿಗ್ರಿ. ಆರೇಳು ಮೀಟರ್ ಇಳಿಯುವಷ್ಟರಲ್ಲಿ ಪಟ್ಟೆ ಮೀನುಗಳು ಮಾಸ್ಕಿನ ಮುಂದೆ ಬಂದು ನಿಲ್ಲುತ್ತವೆ. ಗಿಳಿಮೀನು ಬಂಡೆಯನ್ನು ಕಡಿಯುವ ಸದ್ದು ನೀರಿನಲ್ಲಿ ಕಟ್ ಕಟ್ ಎಂದು ಕೇಳುತ್ತದೆ, ಯಾರೋ ಪಕ್ಕದ ಮನೆಯಲ್ಲಿ ಅಡಿಕೆ ಕತ್ತರಿಸುತ್ತಿರುವಂತೆ. ಬಂಡೆಯ ಸಂದಿನಲ್ಲಿ ಹಾವುಮೀನು ಬಾಯಿ ತೆರೆದು ಮುಚ್ಚುತ್ತ ಕೂತಿರುತ್ತದೆ. ನಮ್ಮವರು ಕಾರ್ಗಿಲ್ ಎಂದು ಹೆಸರಿಟ್ಟಿರುವ ಕಪ್ಪು ನೀಲಿ ಮೀನು, ಬಲೆಗೆ ಬಿದ್ದರೆ ಬೈಗುಳ ತಿನ್ನುವುದೇ ಅದರ ಹಣೆಬರಹ, ಅಲ್ಲಿ ನೂರಾರು ಒಟ್ಟಿಗೆ ಬಾಲ ಬೀಸುತ್ತ ಹೋಗುವಾಗ ಎಷ್ಟು ಚಂದ ಎಂದು ಬಲೆಯವರಿಗೆ ತೋರಿಸಬೇಕು ಅನಿಸುತ್ತದೆ. ಒಮ್ಮೆ ಕಡಲಾಮೆಯೊಂದು ನನ್ನ ತೋಳಿನಳತೆಯಲ್ಲಿ ಹಾದು ಹೋಯಿತು, ನನ್ನತ್ತ ತಿರುಗಿಯೂ ನೋಡಲಿಲ್ಲ.

ಈಗ ಈ ವರ್ಷದ ಫೆಬ್ರುವರಿಯ ಒಂದು ಭಾನುವಾರದ ಸಂಗತಿಗೆ ಬರುತ್ತೇನೆ. ನಾನು ಹೋದ ಸಂಸ್ಥೆಯ ಹೆಸರನ್ನಾಗಲಿ ಬೋಟಿನ ಹೆಸರನ್ನಾಗಲಿ ಬರೆಯುವುದಿಲ್ಲ. ಅದು ಅಣ್ಣನ ಮಗ ದುಡಿಯುವ ಬೋಟಲ್ಲ ಎಂದಷ್ಟೇ ಹೇಳಿದರೆ ಸಾಕು.

ಹೊರಡುವ ಮೊದಲು ಎಲ್ಲರ ಕೈಗೆ ಒಂದು ಇಂಗ್ಲಿಷ್ ಅರ್ಜಿ ಕೊಟ್ಟು ಸಹಿ ಹಾಕಿಸಿದರು. ಸುರಕ್ಷತೆಯ ಪಾಠ ಹಿಂದಿಯಲ್ಲಿ ನಡೆಯಿತು, ನಡುನಡುವೆ ಇಂಗ್ಲಿಷ್. ನನ್ನ ಪಕ್ಕದಲ್ಲಿ ಹಾವೇರಿ ಕಡೆಯ ಯುವ ದಂಪತಿ ಕೂತಿದ್ದರು. ಆ ಹುಡುಗ ಸಹಿ ಹಾಕಿಯಾದ ಮೇಲೆ ಸಂಕೋಚದಿಂದ, "ಮೇಡಂ, ಇದರಲ್ಲಿ ಏನು ಕೇಳಿದ್ದಾರೆ?" ಎಂದು ಕೇಳಿದ. ಓದಿ ಹೇಳಿದೆ. ಉಬ್ಬಸ ಇದೆಯೇ ಎಂಬ ಪ್ರಶ್ನೆ ಬಂದಾಗ ಅವನ ಹೆಂಡತಿ ಅವನ ಮುಖ ನೋಡಿದಳು. ಉಬ್ಬಸ ಇತ್ತು. ಉಸಿರಿಗೆ ಎಳೆದುಕೊಳ್ಳುವ ಮದ್ದಿನ ಪಂಪು ತಂಗಿದ್ದ ಕೋಣೆಯಲ್ಲಿ, ಬ್ಯಾಗಿನೊಳಗೆ ಇತ್ತು. ಅವನು ಅವತ್ತು ನೀರಿಗಿಳಿಯಲಿಲ್ಲ, ದುಡ್ಡು ವಾಪಸು ಸಿಗಲಿಲ್ಲ ಎಂಬುದು ಬೇರೆ ಮಾತು.

ಇದು ಸಣ್ಣ ವಿಷಯ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ಒಂದು ಲೆಕ್ಕ ಕೇಳಿ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರಿನಲ್ಲಿ ಎದೆ ತುಂಬ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಹೆದರಿಕೆಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದವರ ಶ್ವಾಸಕೋಶ ಹರಿಯಬಹುದು. ಉಸಿರು ಕಟ್ಟಬೇಡ ಎಂಬ ಆ ಒಂದು ಮಾತು ಹಾವೇರಿಯವರಿಗೆ ಹಿಂದಿಯಲ್ಲಿ ಹೇಳಿದ್ದರು, ಅದೂ ಮುರ್ಡೇಶ್ವರದಲ್ಲಿ ನಿಂತು. (ನಮ್ಮ ಪತ್ರಿಕೆಗಳೂ ಬೆನ್ನಿಗೆ ಕಟ್ಟುವುದನ್ನು ಆಮ್ಲಜನಕದ ಸಿಲಿಂಡರ್ ಎಂದೇ ಬರೆಯುತ್ತವೆ. ಅದರಲ್ಲಿರುವುದು ಒತ್ತಿ ತುಂಬಿದ ಸಾಮಾನ್ಯ ಗಾಳಿ. ಟೀಚರ್ ಚಾಳಿ, ಕ್ಷಮಿಸಿ.)

ದ್ವೀಪದ ಹತ್ತಿರ ಹೋದಾಗ ಗಾಳಿಯ ಮರೆಯಿರುವ ಬದಿಯಲ್ಲಿ ಆಗಲೇ ಏಳು ಬೋಟುಗಳಿದ್ದವು. ನಮ್ಮದು ಎಂಟನೆಯದು. ಬೋಟು ನಡೆಸುವ ತಾಂಡೇಲ ಒಂದು ಸುತ್ತು ಹಾಕಿ, ಜಾಗ ಸಿಕ್ಕಿದ ಕಡೆ ಲಂಗರು ಬಿಡಿಸಿದ. ನಾನು ನನ್ನ ಜೊತೆಗಾರರೊಂದಿಗೆ ಆ ಲಂಗರಿನ ಹಗ್ಗ ಹಿಡಿದೇ ಇಳಿದೆ. ಒಂಬತ್ತು ಮೀಟರಿನಲ್ಲಿ ಅದರ ಕೊಕ್ಕೆ ಒಂದು ಗುಂಡು ಹವಳದ ಬುಡಕ್ಕೆ ಸಿಕ್ಕಿಕೊಂಡಿತ್ತು. ಎರಡು ಮೊಳ ಅಗಲದ, ಬಚ್ಚಲ ಹಂಡೆ ಬೋರಲು ಹಾಕಿದಂಥ ಹವಳ. ಹೀಗೆ ಗುಂಡಗೆ ಬೆಳೆಯುವ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಎಲ್ಲ ಬದಿಗೂ ದಪ್ಪಗಾಗುತ್ತವೆ. ಹಾಗೆ ಎಣಿಸಿದರೆ ಅದಕ್ಕೆ ಹೆಚ್ಚುಕಡಿಮೆ ನನ್ನದೇ ಪ್ರಾಯ. ನಾನು ಶಿರಾಲಿಯ ಶಾಲೆಗೆ ಸೇರುವ ಹೊತ್ತಿಗೆ ಅದು ಅಲ್ಲಿ ಗುಬ್ಬಿಯ ಮೊಟ್ಟೆಯಷ್ಟಿದ್ದಿರಬೇಕು.

ಲಂಗರು ಬಿದ್ದ ಏಟಿಗೆ ಅದರ ನೆತ್ತಿ ಒಡೆದಿತ್ತು. ಆದರೆ ಏಟಿಗಿಂತ ಕೆಟ್ಟದ್ದು ಆಮೇಲೆ ನಡೆಯಿತು. ಹನ್ನೊಂದು ಗಂಟೆಯ ಸುಮಾರಿಗೆ ಕಡಲ ಗಾಳಿ ತಿರುಗಿತು, ಮೇಲೆ ಬೋಟು ತಿರುಗಿತು, ಕೆಳಗೆ ಲಂಗರಿನ ಸರಪಳಿ ಬಂಡೆಯ ಮೇಲೆ ಅರ್ಧ ವೃತ್ತ ಎಳೆಯಿತು. ನಾನು ಕಂಡಿದ್ದು ಕತ್ತಿಯಿಂದ ಬೋಳಿಸಿದ ತಲೆಯಂಥ ಒಂದು ಬಿಳಿ ಪಟ್ಟಿ. ಕೊಂಬೆ ಹವಳದ ತುಂಡುಗಳು ಬಂಡೆಯ ಕೆಳಗೆ ಗುಡಿಸಿ ಹಾಕಿದಂತೆ ಬಿದ್ದಿದ್ದವು. ಅವುಗಳಲ್ಲಿ ಕೆಲವು ಆಗಲೇ ಪಾಚಿ ಕಟ್ಟಿದ್ದವು, ಅಂದರೆ ನಮಗಿಂತ ಮೊದಲಿನವರ ಕೆಲಸ. ಕೊನೆಗೆ ಲಂಗರು ಏಳದೇ ಇದ್ದಾಗ ಎಂಜಿನ್ ಹಾಕಿ ಎಳೆದರು. ನಾನು ಆಗ ಮೇಲೆ ಬೋಟಿನಲ್ಲಿದ್ದೆ. ಹಗ್ಗ ಬಿಗಿಯಾಗಿ, ಆಮೇಲೆ ತಟ್ಟನೆ ಸಡಿಲವಾಯಿತು. ಯಾರೋ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಅಣ್ಣನ ಮಗನ ಮೇಲೆ ರೇಗಿದೆ, ಸಿಟ್ಟು ತೀರಿಸಲು ಬೇರೆ ಯಾರೂ ಸಿಕ್ಕಿರಲಿಲ್ಲ. ಅವನು ಊಟ ಮುಗಿಸುವ ತನಕ ಸುಮ್ಮನಿದ್ದು, "ಅತ್ತೆ, ಲಂಗರು ಹಾಕದೆ ಬೋಟನ್ನು ಎಲ್ಲಿ ಕಟ್ಟಲಿ? ಕಟ್ಟುವುದಕ್ಕೆ ಅಲ್ಲಿ ಏನಿದೆ, ಹೇಳಿ" ಎಂದ.

ಮಾನ್ಯರೇ, ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಪತ್ರ ಅವನ ಆ ಪ್ರಶ್ನೆಯನ್ನು ನಿಮಗೆ ದಾಟಿಸುವುದಕ್ಕೆ.

ಇದರ ಉಪಾಯ ಹೊಸದಲ್ಲ, ದುಬಾರಿಯೂ ಅಲ್ಲ. ಹವಳವಿಲ್ಲದ ಜಾಗ ನೋಡಿ ತಳಕ್ಕೆ ಭಾರದ ಕಾಂಕ್ರೀಟ್ ಗಟ್ಟಿ ಇಳಿಸುವುದು, ಇಲ್ಲವೇ ಬಂಡೆಗೆ ರಂಧ್ರ ಕೊರೆದು ತುಕ್ಕು ಹಿಡಿಯದ ಬಳೆ ಕೂರಿಸುವುದು. ಅದಕ್ಕೊಂದು ಹಗ್ಗ, ಹಗ್ಗದ ತುದಿಗೆ ನೀರ ಮೇಲೆ ದೊಡ್ಡದೊಂದು ಬೆಂಡು. ಬಂದ ಬೋಟು ಆ ಬೆಂಡಿಗೆ ಕಟ್ಟಿಕೊಳ್ಳುತ್ತದೆ, ಲಂಗರು ಬೋಟಿನಲ್ಲೇ ಉಳಿಯುತ್ತದೆ. ಕೆರಿಬಿಯನ್ ಕಡಲಿನ ಬೊನೇರ್ ಎಂಬ ಸಣ್ಣ ದ್ವೀಪ ತನ್ನ ಸುತ್ತಲಿನ ಕಡಲನ್ನು 1979ರಲ್ಲೇ ರಕ್ಷಿತ ಉದ್ಯಾನ ಮಾಡಿ, ಹವಳದ ಮೇಲೆ ಲಂಗರು ಹಾಕುವುದನ್ನು ನಿಲ್ಲಿಸಿ, ಇಂಥ ಬೆಂಡುಗಳನ್ನು ಹಾಕಿತು. 1992ರಿಂದ ಡೈವಿಂಗ್‌ಗೆ ಬರುವವರಿಂದಲೇ ಶುಲ್ಕ ಪಡೆದು ಅದರ ಖರ್ಚು ತೂಗಿಸುತ್ತ ಬಂದಿದೆ. ಅಲ್ಲಿ ಆಗುವುದು ಇಲ್ಲಿ ಆಗದು ಎನ್ನುವವರು ಮಳೆಗಾಲದ ಮಾತು ಎತ್ತುತ್ತಾರೆ, ಜೂನ್ ಅಲೆಗೆ ಬೆಂಡು ಉಳಿಯುವುದಿಲ್ಲ ಎನ್ನುತ್ತಾರೆ. ಉಳಿಯುವುದಿಲ್ಲ, ನಿಜ. ಮೇ ಕೊನೆಗೆ ಬೆಂಡನ್ನೂ ಹಗ್ಗವನ್ನೂ ಬಿಚ್ಚಿ ತಂದು, ಸೆಪ್ಟೆಂಬರ್ ಕೊನೆಗೆ ಮತ್ತೆ ಕಟ್ಟಿದರಾಯಿತು. ಹೇಗೂ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಡೈವಿಂಗ್ ಕೂಡ ಮಳೆಗೆ ನಿಂತಿರುತ್ತದೆ. ಮನೆಯ ಮುಂದಿನ ಚಪ್ಪರವನ್ನು ವರ್ಷಾವರ್ಷ ಬಿಚ್ಚಿ ಕಟ್ಟುವ ಜನ ನಾವು, ಇದೇನು ಮಹಾ?

ಹಣದ ಮಾತಿಗೂ ಒಂದು ದಾರಿ ಹೇಳುತ್ತೇನೆ. ಮೀನು ಹೆಚ್ಚಲಿ ಎಂದು ಕಡಲ ತಳಕ್ಕೆ ಕಾಂಕ್ರೀಟಿನ ಕೃತಕ ಬಂಡೆಗಳನ್ನು ಇಳಿಸಲು ಕೇಂದ್ರ ಸರ್ಕಾರ ಮತ್ಸ್ಯ ಸಂಪದ ಯೋಜನೆಯಡಿ ನೆರವು ಕೊಡುತ್ತಿದೆ. ಒಳ್ಳೆಯ ಕೆಲಸ. ಒಂದು ಕಡೆ ಸಿಮೆಂಟಿನ ಹವಳ ಮಾಡಿ ಮುಳುಗಿಸುತ್ತ ಇನ್ನೊಂದು ಕಡೆ ದೇವರು ಮಾಡಿದ್ದನ್ನು ಒಡೆಯುವುದು ಮಾತ್ರ ನನಗೆ ಅರ್ಥವಾಗದು. ಗಟ್ಟಿ ಎತ್ತಿ ಇಳಿಸುವ ಅದೇ ಕ್ರೇನು, ಅದೇ ಬಾರ್ಜು ನೇತ್ರಾಣಿಗೆ ಒಂದು ದಿನ ಹೆಚ್ಚಿಗೆ ಬಂದರೆ ಹತ್ತು ಬೆಂಡಿನ ಕೆಲಸ ಆಗಬಹುದು. ಮುಂದೆ ಅವುಗಳನ್ನು ನೋಡಿಕೊಳ್ಳಲು ಪ್ರತಿ ಟಿಕೆಟ್ಟಿನಲ್ಲಿ ಒಂದು ಸಣ್ಣ ಪಾಲು ಇಟ್ಟರೆ ಸಾಕು. ಕಡಲಿನಲ್ಲಿ ಇಪ್ಪತ್ತು ನಿಮಿಷ ಇರಲು ಸಾವಿರಗಟ್ಟಲೆ ಕೊಡುವವರು ಅದಕ್ಕೆ ಗೊಣಗಲಾರರು. ಬಿಚ್ಚುವ ಕಟ್ಟುವ ಕೆಲಸವನ್ನು ದಯವಿಟ್ಟು ಹೊರಗಿನ ಗುತ್ತಿಗೆದಾರರಿಗೆ ಕೊಡಬೇಡಿ, ನಮ್ಮ ಊರಿನ ದೋಣಿಯವರಿಗೆ ಕೊಡಿ. ಹಗ್ಗ, ಗಂಟು, ಬೆಂಡು ಇವು ಅವರ ಮನೆಯ ವಿದ್ಯೆ.

ಕಾನೂನಿನ ಬಗ್ಗೆ ನಿಮಗೆ ಹೇಳುವುದು ಧಾರ್ಷ್ಟ್ಯವಾದೀತು. ಆದರೂ ಓದುವ ಜನರಿಗಾಗಿ ಬರೆಯುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಲ್ಲುಹವಳಗಳು ಹುಲಿಯಿರುವ ಮೊದಲನೆಯ ಅನುಸೂಚಿಯಲ್ಲೇ ಇವೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹವಳದ ನೆಲೆಗಳನ್ನು ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿದೆ. ನೇತ್ರಾಣಿ ದಡದಿಂದ 12 ನಾಟಿಕಲ್ ಮೈಲಿಯ (ಸುಮಾರು 22 ಕಿಲೋಮೀಟರ್) ಒಳಗಿದೆ, ಅಂದರೆ ಅಲ್ಲಿಯ ಮೀನುಗಾರಿಕೆಯ ಮೇಲೆ 1986ರ ರಾಜ್ಯ ಕಾಯ್ದೆಯ ಅಧಿಕಾರವೂ ಇದೆ. ಅರಣ್ಯದವರು ಒಂದು ತುಂಡು, ಮೀನುಗಾರಿಕೆಯವರು ಒಂದು ತುಂಡು, ಪ್ರವಾಸೋದ್ಯಮದವರು ಒಂದು ತುಂಡು ಹಿಡಿದು ನಿಂತರೆ ಬೆಂಡಿನ ಹಗ್ಗ ಹಿಡಿಯುವವರು ಯಾರೂ ಇರುವುದಿಲ್ಲ. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಬಲ್ಲವರು ಜಿಲ್ಲೆಯಲ್ಲಿ ಒಬ್ಬರೇ, ಹಾಗಾಗಿ ಪತ್ರ ನಿಮಗೆ.

ಕಡಲು ಬಿಸಿಯಾಗಿ ಹವಳ ಬೆಳ್ಳಗಾಗುತ್ತಿರುವುದಕ್ಕೆ ನಿಮ್ಮ ಸಹಿಯಲ್ಲಿ ಮದ್ದಿಲ್ಲ ಎಂದು ನನಗೆ ಗೊತ್ತು. ಜಗತ್ತಿನಾದ್ಯಂತ ನಾಲ್ಕನೆಯ ಸಲ ಹವಳ ಬಿಳುಚುತ್ತಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಜ್ವರ ಬಂದ ರೋಗಿಗೆ ಕೋಲಿನ ಏಟು ಬೀಳದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಆದ್ದರಿಂದ ನನ್ನ ಬೇಡಿಕೆ ಮುಖ್ಯವಾಗಿ ಒಂದೇ: ಬರುವ ಹಂಗಾಮು ಶುರುವಾಗುವ ಮೊದಲು ನೇತ್ರಾಣಿಯ ಸುತ್ತ ಕಾಯಂ ಬೆಂಡುಗಳು ಬರಲಿ, ಅವು ಬಂದ ದಿನದಿಂದ ಅಲ್ಲಿ ಲಂಗರು ಹಾಕುವುದು ನಿಲ್ಲಲಿ. ಮೊದಲು ನಿಷೇಧ, ಆಮೇಲೆ ಬೆಂಡು ಎಂದು ದಯವಿಟ್ಟು ಮಾಡಬೇಡಿ. ಹಾಗಾದರೆ ದಂಡ ಕಟ್ಟುವವರು ಕಲಾಸಿಗಳು, ಬೋಟಿನ ಮಾಲೀಕರಲ್ಲ. ಬೆಂಡು ಎಷ್ಟಿವೆಯೋ ಒಮ್ಮೆಗೆ ಅಷ್ಟೇ ಬೋಟು. ಎಷ್ಟು ಜನರನ್ನು ಬಿಡಬೇಕು ಎಂಬ ದೊಡ್ಡ ಚರ್ಚೆ ಅರ್ಧ ಅಲ್ಲೇ ಮುಗಿಯುತ್ತದೆ.

ಜೊತೆಗೆ ಕೆಲವು ಸಣ್ಣವು. ಆರೋಗ್ಯದ ಅರ್ಜಿಯೂ ಸುರಕ್ಷತೆಯ ಪಾಠವೂ ಕನ್ನಡದಲ್ಲಿ ಇರಬೇಕು, ಸಹಿಗೆ ಮೊದಲು ಓದಿ ಹೇಳಬೇಕು. ಡೈವಿಂಗ್ ಮಾಡಿದ ಮೇಲೆ ವಿಮಾನ ಹತ್ತಲು ಒಂದೇ ಸಲ ಮುಳುಗಿದ್ದರೆ 12 ಗಂಟೆ, ಹಲವು ಸಲವಾದರೆ 18 ಗಂಟೆ ಕಾಯಬೇಕು ಎಂಬುದೂ ಅದರಲ್ಲಿರಲಿ, ಗೋವಾದಿಂದ ಸಂಜೆಯೇ ಹಾರುವವರು ನಮ್ಮ ಬೋಟಿನಲ್ಲೇ ಇದ್ದರು. ತರಬೇತಿಯಿಲ್ಲದ ಒಬ್ಬರಿಗೆ ಒಬ್ಬ ಶಿಕ್ಷಕ ಇರಲಿ. ಆ ಭಾನುವಾರ ಒಬ್ಬನೇ ಹುಡುಗ ಎರಡು ಕೈಯಲ್ಲಿ ಇಬ್ಬರನ್ನು ಹಿಡಿದಿದ್ದ, ವಿಡಿಯೋ ತೆಗೆಯುವವನು ಎದುರಿನಿಂದ ಸನ್ನೆ ಮಾಡುತ್ತಿದ್ದ, ಫೋಟೋಕ್ಕಾಗಿ ಇಬ್ಬರೂ ಹವಳದ ಮೇಲೆ ಮಂಡಿಯೂರಿದರು, ಮೀನು ಬರಲಿ ಎಂದು ಬ್ರೆಡ್ಡು ಹಿಚುಕಿದರು. ಆ ಶಿಕ್ಷಕ ಹುಡುಗನನ್ನು ನಾನು ಬೈಯಲಾರೆ. ಅವನಿಗೆ ಅದು ಅವತ್ತಿನ ಐದನೆಯ ಮುಳುಗು, ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಪ್ರತಿ ಬೋಟಿನಲ್ಲೂ ತುರ್ತಿಗೆ ಆಮ್ಲಜನಕ, ಇದು ನಿಜವಾದ ಆಮ್ಲಜನಕ, ಇರಬೇಕು. ಇದೆಯೇ ಎಂದು ನಾನು ಕೇಳಿದ್ದಕ್ಕೆ, ದಡದಲ್ಲಿದೆ ಎಂಬ ಉತ್ತರ ಬಂತು. ದಡ ಒಂದೂವರೆ ಗಂಟೆ ದೂರ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಅಲೆಗಳಿಗೆ ಸಿಕ್ಕಿ ಸತ್ತರು. ಆಮೇಲೆ ಕಡಲತೀರವನ್ನು ಕೆಲಕಾಲ ಪ್ರವಾಸಿಗರಿಗೆ ಮುಚ್ಚಲಾಯಿತು. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಕೆಲಸ ನನ್ನದೂ ಹೌದು, ಅದಕ್ಕೇ ಅದನ್ನು ಇಲ್ಲಿ ಬರೆಯದೆ ಇರಲಾಗಲಿಲ್ಲ. ದಡದ ನಿಯಮಗಳಿಗೆ ನಾಲ್ಕು ಮಕ್ಕಳು ಹೋಗಬೇಕಾಯಿತು. ದ್ವೀಪದ ನಿಯಮಗಳಿಗೆ ಯಾರೂ ಹೋಗುವುದು ಬೇಡ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಈ ಪತ್ರವನ್ನು ತೋರಿಸಿ ಯಾರಾದರೂ ಗಾಳದ ದೋಣಿಗಳನ್ನು ನೇತ್ರಾಣಿಯಿಂದ ಓಡಿಸಬೇಕು ಎಂದರೆ ನಾನು ಅವರ ಜೊತೆಗಿಲ್ಲ. ಒಂದು ಗಾಳ ಒಂದು ಮೀನು ಹಿಡಿಯುತ್ತದೆ. ರಾತ್ರಿ ಪ್ರಖರ ದೀಪ ಹಾಕಿ ಮರಿ ಮೀನನ್ನೂ ಬಾಚುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಓಡಿಸುವ ಉತ್ಸಾಹವಿದ್ದರೆ ಅತ್ತ ತಿರುಗಲಿ. ಹರಕೆಗೆ ಹೋಗುವವರ ದಾರಿಗೂ ಅಡ್ಡಿಯಾಗಬಾರದು. ಅವರೂ ಬೆಂಡಿಗೆ ಕಟ್ಟಿಕೊಂಡು ಹೋಗಿ ಬರಲಿ.

ನೀರಿನಲ್ಲಿ ಬರೆಯುವ ಹಲಗೆಯ ಮೇಲೆ ಆ ಬದಿಯ ಬಂಡೆಗಳ ನಕ್ಷೆಯೊಂದನ್ನು ನಾನು ಬರೆದುಕೊಂಡಿದ್ದೇನೆ. ಎಲ್ಲಿ ಹವಳವಿದೆ, ಎಲ್ಲಿ ಬರಿಯ ಮರಳಿದೆ, ಗಟ್ಟಿ ಇಳಿಸಲು ಯಾವ ಜಾಗ ಸರಿ ಎಂದು ಕೈಬರಹದ ಅಂದಾಜು. ಅಳತೆ ಕರಾರುವಾಕ್ಕಾಗಿಲ್ಲ, ಕಾಲಿಗೆ ಹಾಕಿದ ಈಜುರೆಕ್ಕೆ (ಫಿನ್) ಎಷ್ಟು ಸಲ ಬಡಿದೆ ಎಂದು ಎಣಿಸಿ ಹಾಕಿದ್ದು. ನಿಮ್ಮ ಕಡೆಯವರು ಸಮೀಕ್ಷೆಗೆ ಹೊರಡುವ ದಿನ ತಿಳಿಸಿದರೆ ರಜೆ ಹಾಕಿ ಬರುತ್ತೇನೆ, ನೀರಿಗಿಳಿದು ತೋರಿಸುತ್ತೇನೆ. ಅಣ್ಣನ ಮಗನೂ ಬರುತ್ತಾನೆ. ಬೋಟನ್ನು ಅಲ್ಲಿ ಹೇಗೆ ನಿಲ್ಲಿಸಬೇಕು ಎಂದು ಅವನು ನಿಮ್ಮನ್ನೇ ಕೇಳಬೇಕಂತೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಶಿರಾಲಿಯ ಒಬ್ಬ ಶಿಕ್ಷಕಿ